ಕ್ಯಾಪ್ಟನ್ ಮುಂದಿನ ಖಾಲಿ ಜಾಗ

ನನ್ನ ಗಂಡ ತಿಪ್ಪೇಶನನ್ನು ಮಣ್ಣು ಮಾಡಿದ ನಾಲ್ಕನೇ ದಿನ ನಳ ಬಂತು.

ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ನೀರು. ಸತ್ತವರ ಮನೆ ಎಂದು ನಳ ಕಾಯುವುದಿಲ್ಲ. ಹಿಂದಿನ ದಿನವೇ ಕೊನೆಯ ನೆಂಟರೂ ಹೋಗಿದ್ದರು. ಐದೂವರೆಗೆ ನನಗೆ ಎಚ್ಚರವಾಯಿತು. ಸೈನ್ಯದ ಅಭ್ಯಾಸ. ಎದ್ದು ಹಾಸಿಗೆ ಮಡಿಸಿ ಅಂಚು ಸರಿಮಾಡಿದೆ. ಯಾರೂ ತಪಾಸಣೆಗೆ ಬರಲಿಲ್ಲ. ಕೊಡ ತೆಗೆದುಕೊಂಡು ಹೋಗಿ ಸಾಲಿನಲ್ಲಿ ನಿಂತೆ.

ಹೆಂಗಸರು ನನ್ನ ಮುಖ ನೋಡಿದರು. ನಾನು ಇನ್ನೂ ಅತ್ತಿರಲಿಲ್ಲ. ಅದು ಓಣಿಗೆಲ್ಲ ಗೊತ್ತಾಗಿತ್ತು.

"ಒಂದೀಟು ಅಳವ್ವ," ಅತ್ತೆ ಮಾರೆಮ್ಮ ಕಿವಿಯಲ್ಲಿ ಹೇಳಿದಳು. "ಮಂದಿ ನಾಕು ದಿನದಿಂದ ಕಾಯಾಕ ಹತ್ಯಾರ."

"ಬರವಲ್ದು ಅತ್ತಿ."

"ಉಳ್ಳಾಗಡ್ಡಿ ಹೆಚ್ಚು."

ಮನೆಗೆ ಬಂದು ಹೆಚ್ಚಿದೆ. ಅವಳಿಗೆ ಬಂತು. ನನಗೆ ಬರಲಿಲ್ಲ.

ಅಂಗಳದಲ್ಲಿ ಏಣಿ ಬಿದ್ದಿತ್ತು. ಹದಿನಾಲ್ಕು ಮೆಟ್ಟಿಲಿನ ಬಿದಿರೇಣಿ. ಪಂಚಾಕ್ಷರಪ್ಪನವರದು. ತಿಪ್ಪೇಶ ಇಸಕೊಂಡು ಬಂದಿದ್ದ. ವಾಪಸ್ ಕೊಡುವ ಮೊದಲು ಅದರಿಂದ ಬಿದ್ದು ಸತ್ತ.

ತಿಪ್ಪೇಶ ಬೋರ್ಡು ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ಹಗರಿಬೊಮ್ಮನಹಳ್ಳಿ ಸುತ್ತಮುತ್ತ ಉಳಿದ ಕೆಲವೇ ಕೈಗಳಲ್ಲಿ ಅವನದೊಂದು. ಅಕ್ಷರ ದುಂಡಗೆ, ಚೆಂದ. ಅಳತೆ ಮಾತ್ರ ಬರುತ್ತಿರಲಿಲ್ಲ. ಮೊದಲ ಅಕ್ಷರ ಆನೆಯಷ್ಟು, ಕೊನೆಯದು ಇರುವೆಯಷ್ಟು. ಬಸ್ ನಿಲ್ದಾಣದ ಎದುರಿಗೆ ಜಂಬಯ್ಯನ ಹೋಟೆಲಿದೆ. ಅದರ ಬೋರ್ಡಿನಲ್ಲಿ 'ಊಟ' ತಂಬ್ರಹಳ್ಳಿ ರಸ್ತೆಯ ತಿರುವಿನಿಂದಲೇ ಕಾಣುತ್ತದೆ. 'ತಿಂಡಿ' ಕಾಣಬೇಕಾದರೆ ಒಳಗೆ ಹೋಗಿ ತಿನ್ನಬೇಕು. ಕೇಳಿದರೆ, "ಅಳದು ಬರದ್ರ ಅಕ್ಷರಕ್ಕ ಉಸಿರು ಕಟ್ತೈತಿ" ಎನ್ನುತ್ತಿದ್ದ.

ನಾನು ಬಿ.ಎಸ್ಸಿ. ನರ್ಸಿಂಗ್ ಓದಿದವಳು. ಸೈನ್ಯದ ನರ್ಸು. ಲೆಫ್ಟಿನೆಂಟ್. ಗಡಿಯ ಆಚೆಯಿಂದ ಶೆಲ್ ಬೀಳುತ್ತಿದ್ದ ವಾರಗಳಲ್ಲಿ ಮುಂಚೂಣಿಯ ಆಸ್ಪತ್ರೆಯಲ್ಲಿದ್ದೆ. ನಾನು ಸಾಯುತ್ತೇನೆಂದು ಊರಲ್ಲಿ ಎಲ್ಲರೂ ಖಾತ್ರಿ ಮಾಡಿಕೊಂಡಿದ್ದರು. ತಿಪ್ಪೇಶ ದಿನಾ ಫೋನಿನಲ್ಲಿ ನನಗೆ ಯುದ್ಧ ಕಲಿಸುತ್ತಿದ್ದ. "ಕಿಟಕಿ ಹತ್ರ ನಿಂದ್ರಬ್ಯಾಡ. ಎತ್ತರದ ಮ್ಯಾಲ ಹತ್ತಬ್ಯಾಡ."

ನಾನು ಹತ್ತಲಿಲ್ಲ. ಅವನು ಹತ್ತಿದ.

ಆ ವಾರಗಳಲ್ಲೇ ಊರಿಗೆ ದೇಶಪ್ರೇಮ ಉಕ್ಕಿತು. ಪಂಚಾಕ್ಷರಪ್ಪನವರಿಗೆ ಗೊಬ್ಬರದ ಅಂಗಡಿ, ಎರಡು ಟ್ರ್ಯಾಕ್ಟರ್, ಜೊತೆಗೆ ಊರಿನ ಹಿರೇತನ. ಅವರು ಬಸ್ ನಿಲ್ದಾಣದ ಗೋಡೆಗೆ ಹಸಿರು ಬಣ್ಣ ಬಳಿಸಿ ಬೋರ್ಡು ಬರೆಸಿದರು. 'ನಮ್ಮೂರ ವೀರಯೋಧರು.' ಏಳು ಹೆಸರು. ಕೆಳಗೆ 'ಕೃಪೆ: ಪಂಚಾಕ್ಷರಪ್ಪ ಮತ್ತು ಸಹೋದರರು' ಎಂದು ಯೋಧರಿಗಿಂತ ದೊಡ್ಡ ಅಕ್ಷರ. ಬರೆದವನು ತಿಪ್ಪೇಶ. ಎಂಟನೇ ಹೆಸರು ಬರೆಯಲೇ ಎಂದು ಕೇಳಿದ.

"ನಿನ್ನ ಹೇಣ್ತಿ ನರ್ಸಲೇ. ಯೋಧ ಅಲ್ಲ. ಬಂದೂಕ ಹಿಡದಾಳೇನು?"

ಆ ಏಳು ಜನರಲ್ಲಿ ಒಬ್ಬ ಅಡುಗೆಯವನು. ಒಬ್ಬ ಬ್ಯಾಂಡಿನಲ್ಲಿ ಕಹಳೆ ಊದುತ್ತಾನೆ. ಪಂಚಾಕ್ಷರಪ್ಪನವರ ತಮ್ಮನ ಮಗ ಗಂಗಾಧರ್ ಗಡಿಯಿಂದ ಸಾವಿರ ಮೈಲಿ ಈಚೆ ಉಗ್ರಾಣದಲ್ಲಿ ಕಂಬಳಿ ಕಾಯುತ್ತಾನೆ. ಹಂಗಿಸುತ್ತಿಲ್ಲ. ದಾಲ್ ಇಲ್ಲದೆ, ಕಂಬಳಿ ಇಲ್ಲದೆ ಯುದ್ಧ ನಡೆಯುವುದಿಲ್ಲ. ಬೆಡ್‌ಪ್ಯಾನ್ ಇಲ್ಲದೆಯೂ ನಡೆಯುವುದಿಲ್ಲ.

ನಿಜವಾದ ತೊಡಕು ಬೇರೆ. ಹೆಸರುಗಳನ್ನು ಹುದ್ದೆಯ ಪ್ರಕಾರ ಬರೆಯಬೇಕೆಂದು ಪಂಚಾಕ್ಷರಪ್ಪನವರೇ ಹೇಳಿದ್ದರು. ಅವರ ಅಳಿಯ ಸುಬೇದಾರ್. ಅವನು ಮೇಲೆ ಬರಲಿ ಎಂದು. ಲೆಫ್ಟಿನೆಂಟ್ ಸುಬೇದಾರನಿಗಿಂತ ದೊಡ್ಡದು. ನನ್ನ ಹೆಸರು ಬರೆದರೆ ಅಳಿಯನ ತಲೆಯ ಮೇಲೆ ಬರುತ್ತಿತ್ತು. ನಮ್ಮ ಓಣಿ ಊರ ತಲೆಯ ಮೇಲೆ.

ತಿಪ್ಪೇಶ ಸುಮ್ಮನೆ ಏಳು ಬರೆದ. ತಲೆಬರಹಕ್ಕೂ ಸುಬೇದಾರನಿಗೂ ನಡುವೆ ಒಂದು ಸಾಲಿನಷ್ಟು ಜಾಗ ಖಾಲಿ ಉಳಿಯಿತು. "ಈ ಮಗಗ ಅಳತಿ ಬರೂದಿಲ್ಲ" ಎಂದು ಜನ ನಕ್ಕರು. ತಿಪ್ಪೇಶನೂ ನಕ್ಕ.

ಆ ರಾತ್ರಿ ಫೋನಿನಲ್ಲಿ ಹೇಳಿದ: "ಲೆಫ್ಟಿನೆಂಟ್ ಆ ಜಾಗದಾಗ ಹಿಡಿಯೂದಿಲ್ಲ ಕೋಮ್ಲಿ. ಲಗೂನ ಕ್ಯಾಪ್ಟನ್ ಆಗಿಬಿಡು."

ಯಾವ ಜಾಗ ಎಂದು ನಾನು ಕೇಳಲಿಲ್ಲ. ಅಂದು ಮೂವತ್ತೊಂದು ಜನ ಗಾಯಾಳುಗಳು ಬಂದಿದ್ದರು.

ಎರಡು ತಿಂಗಳ ನಂತರ, ಬೋರ್ಡಿಗೆ ಇನ್ನೊಂದು ಕೋಟು ಬಣ್ಣ ಹೊಡೆಯುತ್ತೇನೆಂದು ಹೇಳಿ ಪಂಚಾಕ್ಷರಪ್ಪನವರ ಹಿಂದಿನ ಬಾಗಿಲಿನಿಂದ ಏಣಿ ತಂದ. ಖಾಲಿ ಸಾಲಿನಲ್ಲಿ 'ಕ್ಯಾಪ್ಟನ್' ಎಂದು ಬರೆದ. ಬಿದ್ದ.

ಬಿದ್ದಾಗ ಉಸಿರಿತ್ತು. ಸುತ್ತ ಇಪ್ಪತ್ತು ಜನ. ಯಾರು ಎತ್ತಬೇಕೆಂದು ಚರ್ಚೆ ನಡೆಯಿತು. ಕೊನೆಗೆ ಒಬ್ಬ ಜಾಣ ಉಪಾಯ ಹೇಳಿದ. ಏಣಿಯನ್ನು ಅವನ ಕೆಳಗೆ ತೂರಿಸಿದರು. ಎರಡು ತುದಿ ಹಿಡಿದು ಎತ್ತಿದರು. ಯಾರ ಕೈಗೂ ಅವನ ಮೈ ತಾಗಲಿಲ್ಲ. ಟಂಟಂ ಆಟೋವರೆಗೆ ಮೂವತ್ತು ಹೆಜ್ಜೆ. ಎರಡು ಮೆಟ್ಟಿಲುಗಳ ನಡುವೆ ಅವನ ತಲೆ ಜೋಲಾಡಿತು. ದೊಡ್ಡಾಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಮಣ್ಣಿಗೆ ರಜೆಯ ಮೇಲೆ ಬಂದ ನನಗೆ ಇದೆಲ್ಲ ಹೇಗೆ ಗೊತ್ತೆಂದರೆ, ಒಬ್ಬ ವಿಡಿಯೋ ಮಾಡಿದ್ದ.

ಕುತ್ತಿಗೆಗೆ ಪೆಟ್ಟಾದವನ ತಲೆಯನ್ನು ಎರಡು ಕೈಯಲ್ಲಿ ಅಲುಗದಂತೆ ಹಿಡಿಯಬೇಕು. ಮುಟ್ಟಬೇಕು. ಅಷ್ಟೇ. ಓದು ಬಾರದ ಹಮಾಲರಿಗೆ ನಾನು ಇದನ್ನು ಹತ್ತು ನಿಮಿಷದಲ್ಲಿ ಕಲಿಸಿದ್ದೇನೆ.

ಆಮೇಲೆ ಯಾರೋ ಏಣಿಯನ್ನು ನಮ್ಮ ಅಂಗಳಕ್ಕೆ ಎಸೆದು ಹೋದರು.

ಎಂಟು ಗಂಟೆಗೆ ಗಂಗಾಧರ್ ಬಂದ. ರಜೆಯಲ್ಲಿದ್ದ. ಲುಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದ. ನಾನು ತಲೆಯ ಮೇಲೆ ಕೊಡ ಹೊತ್ತು ಎದುರಿಗೆ ಬಂದೆ. ಅವನು ನನ್ನನ್ನು ನೋಡಿದ. ಅವನ ಮೈ ಅವನನ್ನು ಕೇಳಲಿಲ್ಲ. ಹವಾಯಿ ಚಪ್ಪಲಿಗಳು ಚಟಾರನೆ ಜೋಡಿಯಾದವು. ಎದೆ ಉಬ್ಬಿತು. ಎರಡೂ ಕೈ ಪಕ್ಕಕ್ಕೆ ಇಳಿದವು.

"ಜೈ ಹಿಂದ್ ಮ್ಯಾಡಂ!"

ಲುಂಗಿ ಸಡಿಲವಾಯಿತು. ನಾನು ವಿಶ್ರಾಮ್ ಹೇಳುವವರೆಗೆ ಅವನು ಕೈ ಆಡಿಸುವಂತಿಲ್ಲ. ಲುಂಗಿಗೆ ಅಂಥ ಶಿಸ್ತಿಲ್ಲ. ಅದು ಇಳಿಯುತ್ತಿತ್ತು. ನಳದ ಹತ್ತಿರದ ಹೆಂಗಸರು ಕೊಡ ಬಿಟ್ಟು ನೋಡಿದರು. ನಾನು ನಿಧಾನವಾಗಿ ಕೊಡ ಇಳಿಸಿದೆ. ನೀರು ತುಳುಕಬಾರದಲ್ಲ.

"ವಿಶ್ರಾಮ್."

ಅವನು ಗಬಕ್ಕನೆ ಹಿಡಿದುಕೊಂಡ.

"ಏಣಿ ಮ್ಯಾಡಂ... ದೊಡ್ಡಪ್ಪ ಕೇಳಿ ಕಳಿಸ್ಯಾನ. ನಾಳಿ ಕೊಟ್ಟೂರಿಂದ ಪೇಂಟರ್ ಬರ್ತಾನ."

"ಏನು ಬರಿಯಾಕ?"

ಅವನು ಚಪ್ಪಲಿ ನೋಡಿಕೊಂಡ. "ಕ್ಯಾಪ್ಟನ್ ಮುಂದ ಜಾಗ ಖಾಲಿ ಐತಲ್ರಿ. ಅಲ್ಲಿ... ನನ್ನ ಹೆಸರು."

"ನೀ ನಾಯಕ್ ಅಲ್ಲೇನು? ಸುಬೇದಾರಗಿಂತ್ಲೂ ಕೆಳಗ."

"ಹೌದ್ರಿ ಮ್ಯಾಡಂ! ದೊಡ್ಡಪ್ಪಗ ಅದನ್ನ ಹೇಳೀನಿ. ಕೋರ್ಟ್ ಮಾರ್ಷಲ್ ಆಕ್ಕೈತಿ ಅಂದೆ. 'ಅಳಿಸಿದ್ರ ಕಲಿ ಉಳಿತೈತಿ, ಬಣ್ಣ ದಂಡ ಆಕ್ಕೈತಿ, ನಿನ್ನ ಹೆಸರು ಹಾಕಿದ್ರ ಎಲ್ಲಾ ಮುಚ್ಚಿಹೋಕ್ಕೈತಿ' ಅಂತಾನ."

ಮಾರೆಮ್ಮ ಬಾಗಿಲಿಗೆ ಬಂದಳು. "ನನ್ನ ಮಗ ಸತ್ತು ನಿನಗ ಪರಮೋಷನ್ ಕೊಡಿಸಿದ ನೋಡಪ್ಪ."

"ನನಗ ಬ್ಯಾಡಬೇ ಎವ್ವಾ," ಎಂದ ಗಂಗಾಧರ್. ಅಳುವಂತಿದ್ದ. ಆ ಬೆಳಗ್ಗೆ ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಇಲ್ಲದೆ ಅಳು ಬಂದವನು ಅವನೊಬ್ಬನೇ ಎನಿಸಿತು.

"ಏಣಿ ಅಲ್ಲೈತಿ. ತಗೊಂಡು ಹೋಗು," ಎಂದೆ.

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಅದು... ನೀವ ತೊಳದು, ಹಿಂದಿನ ಬಾಗ್ಲಿಗೆ ತಂದಿಡ್ಬೇಕಂತ್ರಿ."

ಹತ್ತು ಗಂಟೆಗೆ ಪಂಚಾಕ್ಷರಪ್ಪನವರೇ ಬಂದರು. ಬಂದರು ಎಂದರೆ ಓಣಿಯ ಬಾಯಿಗೆ. ಅಲ್ಲಿ ಒಂದು ಚರಂಡಿ ಇದೆ. ಅದರ ಆಚೆ ದಂಡೆಯಲ್ಲಿ ಛತ್ರಿ ಹಿಡಿದು ನಿಂತರು.

"ಏ ಮಾರೀ, ಏಣಿ ಇಟ್ಕೊಂಡು ಏನು ಮಾಡ್ತೀರಿ? ಸ್ವರ್ಗಕ್ಕ ಹತ್ತೀರೇನು?"

"ಅಲ್ಲೂ ನೀವು ಹಿಂದಿನ ಬಾಗ್ಲಿಗೆ ಬಾ ಅಂತೀರಿ ಸಾವ್ಕಾರ್ರ," ಎಂದಳು ಮಾರೆಮ್ಮ.

ಅವರು ನನ್ನ ಕಡೆ ತಿರುಗಿದರು. "ನರ್ಸಮ್ಮ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಗಂಡಸರ ಉಚ್ಚಿಪಾತ್ರಿ ಎತ್ತಾಕಿನ ಹೆಸರು ಸುಬೇದಾರನ ಮ್ಯಾಲ ಬರದ್ರ ಮಂದಿ ಏನಂದಾರು?"

"ಸುಬೇದಾರ್ರೂ ಉಚ್ಚಿ ಹೊಯ್ತಾರ್ರಿ."

ಹಿಂದೆ ಯಾರೋ ನಕ್ಕು ಕೆಮ್ಮಿದರು.

"ಮ್ಯಾಲಾಗಿ ನೀ ಕ್ಯಾಪ್ಟನ್ ಅಲ್ಲ. ಲೆಫ್ಟಿನೆಂಟು. ಗಂಗಾಧರ ಹೇಳ್ಯಾನ."

"ಹೌದ್ರಿ. ಬರೂ ತಿಂಗಳ ಹನ್ನೆರಡಕ್ಕ ಕ್ಯಾಪ್ಟನ್. ಬಣ್ಣ ಒಣಗಲಿ ಅಂತ ಮುಂಚೇನ ಬರದಾನ."

ಅವರು ಛತ್ರಿಯನ್ನು ಇನ್ನೊಂದು ಕೈಗೆ ಬದಲಿಸಿದರು.

"ನನ್ನ ಹೆಸರು ಬಿಡ್ರಿ," ಎಂದೆ. "ಆ ದಿನ ನೀವು ಅಲ್ಲೇ ಇದ್ರಿ. ಅವನ್ನ ಯಾರು ಮುಟ್ಟಿದ್ರು?"

"ಎಲ್ಲಾರೂ ಕೂಡಿ ಎತ್ತೀವಲ್ಲವಾ."

"ಏಣಿ ಎತ್ತೀರಿ."

ಓಣಿಯ ಹೆಂಗಸರು ತಲೆ ಎತ್ತಿದರು. ಚರಂಡಿಯ ಹಂದಿ ಕೂಡ ತಲೆ ಎತ್ತಿತು.

"ನಾಳಿ ಎಂಟಕ್ಕ ಏಣಿ ಹಿಂದಿನ ಬಾಗ್ಲಾಗ ಇರಬೇಕು," ಎಂದರು ಪಂಚಾಕ್ಷರಪ್ಪ. "ತೊಳದು." ಛತ್ರಿ ಹೊರಟುಹೋಯಿತು.

ನಾನು ಕಟ್ಟೆಯ ಮೇಲೆ ಕೂತೆ. ಸಿಟ್ಟು ಬರಬೇಕಿತ್ತು. ಬಂದದ್ದು ಬಾಗಳಿಯ ಹುಡುಗನ ನೆನಪು.

ಮುಂಚೂಣಿಯಲ್ಲಿ ನಾವು ನಾಲ್ವರು ನರ್ಸುಗಳು. ಹದಿನೆಂಟು ತಾಸಿನ ಪಾಳಿ. ನಾಲ್ವರಿಗೂ ಒಂದೇ ಪಾಯಿಖಾನೆ, ಅದಕ್ಕೆ ಚಿಲಕವಿಲ್ಲ. ಬಾಗಿಲ ಮೊಳೆಗೆ ಹೆಲ್ಮೆಟ್ ತೂಗಿದ್ದರೆ ಒಳಗೆ ಸಿಸ್ಟರ್ ಇದ್ದಾರೆ ಎಂದರ್ಥ. ಒಂದು ದಿನ ನಾನು ಒಳಗಿದ್ದಾಗ ಶೆಲ್ ಬಿತ್ತು. ಹೆಲ್ಮೆಟ್ ಹೊರಗೆ, ತಲೆ ಒಳಗೆ. ಹೊರಗೆ ಬಂದಾಗ ಹೆಲ್ಮೆಟ್ಟಿಗೆ ತೂತು ಬಿದ್ದಿತ್ತು. ಮರುದಿನದಿಂದ ಎಲ್ಲರೂ ಬಕೆಟ್ ತೂಗುಹಾಕಿದೆವು. ಗಾಯಾಳುಗಳು ಬಂದರೆ ಮೊದಲು ಬೂಟು ಕತ್ತರಿಸಬೇಕು. ಕಾಲು ಹರಿದವನೂ ಬೇಡುತ್ತಿದ್ದ: "ಕತ್ತರಿಸಬೇಡಿ ಸಿಸ್ಟರ್, ಬೂಟು ಹೊಸದು."

ಬಾಗಳಿಯ ಹುಡುಗನಿಗೆ ತೊಡೆಯ ರಕ್ತನಾಳ ಹರಿದಿತ್ತು. ನನ್ನ ಹೆಬ್ಬೆರಳು ಅವನ ತೊಡೆಯೊಳಗಿತ್ತು. ಡಾಕ್ಟರ್ ಇನ್ನೊಬ್ಬನ ಹೊಟ್ಟೆ ಹೊಲಿಯುತ್ತಿದ್ದರು. ನಲವತ್ತು ನಿಮಿಷ ನಾನು ಬೆರಳು ತೆಗೆಯುವಂತಿರಲಿಲ್ಲ. ನೋವಿಗೆ ಬೈದುಕೊಂಡೆ, ಕನ್ನಡದಲ್ಲಿ. ಅವನು ಕಣ್ಣು ತೆರೆದ.

"ಮೇಡಂ, ನೀವು ನಮ್ಮ ಕಡೆಯೋರಾ?"

"ಹಗರಿಬೊಮ್ಮನಹಳ್ಳಿ ಕಡೆ."

"ಅಯ್ಯೋ, ನಂದು ಹರಪನಹಳ್ಳಿ ತಾಲೂಕು ಕಣ್ರೀ. ಬಾಗಳಿ." ಅವನ ಮುಖ ಅರಳಿತು. ಆಮೇಲೆ ಮೆಲ್ಲಗೆ, "ನೀವು ಯಾವ ಪೈಕಿ ಮೇಡಂ?"

ಅರ್ಧ ರಕ್ತ ನೆಲದ ಮೇಲಿತ್ತು. ಉಳಿದರ್ಧ ಕೇಳುತ್ತಿತ್ತು.

"ಹೇಳ್ತೀನಿ. ಬಟ್ಟು ತೆಗೀಲೇನು?"

"ಬ್ಯಾಡ ಬ್ಯಾಡ! ಸುಮ್ನೆ ಕೇಳ್ದೆ!"

ಬದುಕಿದ. ಹೆಲಿಕಾಪ್ಟರಿಗೆ ಹತ್ತಿಸುವಾಗ ನನ್ನ ಕೈ ಹಿಡಿದುಕೊಂಡ. ಬಿಡಲೇ ಇಲ್ಲ. ಬಿಡಿಸಬೇಕಾಯಿತು.

ಮಾರೆಮ್ಮ ಪಕ್ಕದ ಕಟ್ಟೆಯಲ್ಲಿ ಬಂದು ಕೂತಳು.

"ಸತ್ತೋರು ಇಸ್ಕೊಂಡ ಸಾಮಾನು ಐದು ದಿನದಾಗ ಮುಟ್ಟಿಸ್ಬೇಕವ್ವ. ಇಲ್ಲಾಂದ್ರ ಅಂವ ಬಾಗ್ಲಾಗ ಕುಂತಿರ್ತಾನ."

"ಕುಂತಿರ್ಲಿ ಬಿಡು ಅತ್ತಿ."

"ಬ್ಯಾಡ. ಇದ್ದಾಗೂ ಬಾಗ್ಲಾಗ ಕುಂತು ಯಾರಿಗೂ ದಾರಿ ಬಿಡ್ತಿರಲಿಲ್ಲ ನನ್ನ ಮಗ."

"ಹಂಗಾರ ನಾಳಿ ಮುಂಜಾನಿ ಕೊಡೂಣು. ಬಸ್ ನಿಲ್ದಾಣದ ಮ್ಯಾಲೆ ಹಾದು."

ಅವಳು ನನ್ನನ್ನು ನೋಡಿದಳು. ಗೂಡಿನಲ್ಲಿದ್ದ ಬಿಳಿ ಬಣ್ಣದ ಡಬ್ಬಿ ನೋಡಿದಳು. ಎದ್ದು ಹೋಗಿ ಒಣಗಿದ ಬ್ರಷ್ ತಂದು ಸೀಮೆಎಣ್ಣೆಯಲ್ಲಿ ಅದ್ದಿಟ್ಟಳು.

ಬೆಳಗ್ಗೆ ಏಳಕ್ಕೆ ಹೊರಟೆವು. ಮುಂದೆ ನಾನು, ಹಿಂದೆ ಅವಳು, ನಡುವೆ ಏಣಿ. ಸ್ಟ್ರೆಚರ್ ಹೊರುವವರು ಹೆಜ್ಜೆ ಕೂಡಿಸಬಾರದು. ಕೂಡಿದರೆ ಮಲಗಿದವನು ತೂಗಾಡುತ್ತಾನೆ.

"ನಾ ಎಡಗಾಲು ಇಟ್ಟಾಗ ನೀ ಬಲಗಾಲು ಇಡು ಅತ್ತಿ."

"ನನಗ ಎರಡೂ ನೋಯ್ತಾವ. ಯಾವುದರಿಂದ ಶುರು ಮಾಡ್ಲಿ?"

"ಕಡಿಮಿ ನೋಯೂದರಿಂದ."

ಗೋಡೆಗೆ ಏಣಿ ಒರಗಿಸಿದಾಗ ಕೂಡ್ಲಿಗಿ ಬಸ್ಸು ಬಂದು ನಿಂತಿತ್ತು. ಜಂಬಯ್ಯ ಚಹಾ ಸೋಸುವುದನ್ನು ನಿಲ್ಲಿಸಿದ. ನಾನು ಸೀರೆ ಕಚ್ಚೆ ಹಾಕಿ, ಡಬ್ಬಿ ಹಿಡಿದು ಹತ್ತಿದೆ. ಮೂರನೇ ಮೆಟ್ಟಿಲ ಮೇಲೆ ಒಣಗಿದ ಬಿಳಿ ಹನಿಯೊಂದಿತ್ತು. ದಾಟಿದೆ. ಹನ್ನೊಂದನೇ ಮೆಟ್ಟಿಲಲ್ಲಿ ಅವನ 'ಕ್ಯಾಪ್ಟನ್' ನನ್ನ ಮುಖದ ಮುಂದೆ ಬಂತು.

ಅದರ ಮುಂದೆ ಖಾಲಿ ಇರಲಿಲ್ಲ.

ಪೆನ್ಸಿಲ್ ಗೆರೆಗಳಿದ್ದವು. ಹಸಿರಿನ ಮೇಲೆ ಸಣ್ಣ ಬೂದು ಗೆರೆ. ಕೆಳಗಿನಿಂದ ಯಾರಿಗೂ ಕಾಣುವಂಥದ್ದಲ್ಲ. ಕೋಮಲಾ. ಆಮೇಲೆ ಒಂದು ಅಡ್ಡಗೆರೆ. ಆಮೇಲೆ, ಸೈನ್ಯದ ನರ್ಸು.

ನಾನು ಬರೀ ಹೆಸರು ಬರೆಯುವವಳಿದ್ದೆ. ಅವನು ನರ್ಸು ಎಂಬುದನ್ನೂ ಬರೆದಿದ್ದ. ಒಂದೊಂದು ಅಕ್ಷರಕ್ಕೂ ಪೆನ್ಸಿಲಿನಲ್ಲಿ ಚೌಕ ಹಾಕಿದ್ದ. ಎಲ್ಲ ಚೌಕಗಳೂ ಒಂದೇ ಅಳತೆ. ಕೊನೆಯ ಅಕ್ಷರ ಬೋರ್ಡಿನ ಅಂಚಿಗೆ ಸರಿಯಾಗಿ ನಿಂತಿತ್ತು. ಇಡೀ ಜನ್ಮದಲ್ಲಿ ಇದೊಂದು ಸಾಲನ್ನು ಅವನು ಅಳೆದಿದ್ದ.

ಕಣ್ಣಿಗೆ ಏನೋ ಬಂತು. ಸೀಮೆಎಣ್ಣೆಯ ಘಾಟು ಎಂದುಕೊಂಡೆ.

"ಅಳಾಕ ಹತ್ಯಾಳ!" ಕೆಳಗೆ ಮಾರೆಮ್ಮ ಕೂಗಿದಳು. "ನೋಡ್ರಿ, ನಮ್ಮ ಸೊಸಿ ಅಳಾಕ ಹತ್ಯಾಳ! ಯಾರಲೇ ಅಂದಾಕಿ, ಕಲ್ಲು ಅಂತ?"

ಅಷ್ಟರಲ್ಲಿ ಪಂಚಾಕ್ಷರಪ್ಪ ಓಡುತ್ತ ಬಂದರು. ಛತ್ರಿ ಇರಲಿಲ್ಲ. ಹಿಂದೆ ಗಂಗಾಧರ್. ಈ ಸಲ ಪ್ಯಾಂಟು ಹಾಕಿದ್ದ.

"ಇಳಿ ಕೆಳಗ! ಯಾರನ್ನ ಕೇಳಿ ಹತ್ತೀ?"

"ಹೆಸರು ಮುಗೀಲಿ, ಇಳೀತೀನಿ."

"ಬಿದ್ದು ಸಾಯ್ತಿ!"

"ನನ್ನ ಮಗ ಬೀಳೂ ಮುಂದ ಯಾರೂ ಇಳಿ ಅನ್ಲಿಲ್ಲ," ಎಂದಳು ಮಾರೆಮ್ಮ. "ಹಿಡೀನೂ ಇಲ್ಲ. ಈಗ ಹಿಡೀರಿ."

ಯಾರೂ ಮುಂದೆ ಬರಲಿಲ್ಲ. ಅವಳೊಬ್ಬಳೇ ಹಿಡಿದಿದ್ದಳು. ಏಣಿ ಅಲುಗಿತು. ನಾನು ತಿರುಗಿ ಕೆಳಗೆ ನೋಡಿದೆ. ನಾನು ವಾರ್ಡಿನಲ್ಲಿ ಬಳಸುವ ದನಿಯೊಂದಿದೆ. ಊರಲ್ಲಿ ಅದನ್ನು ಎಂದೂ ಹೊರಗೆ ತೆಗೆದಿರಲಿಲ್ಲ.

"ನಾಯಕ್ ಗಂಗಾಧರ್!"

"ಎಸ್ ಮ್ಯಾಡಂ!"

"ಏಣಿ ಹಿಡಿ!"

ಅವನ ಮೈ ಈ ಸಲವೂ ಅವನನ್ನು ಕೇಳಲಿಲ್ಲ. ಅವನ ದೊಡ್ಡಪ್ಪನನ್ನೂ ಕೇಳಲಿಲ್ಲ. ಎರಡು ಹೆಜ್ಜೆಗೆ ಬಂದ. ಎರಡೂ ಕೈಯಲ್ಲಿ ಏಣಿ ಹಿಡಿದ. ಮಾರೆಮ್ಮನ ಕೈಯ ಪಕ್ಕದಲ್ಲೇ ಅವನ ಕೈ.

"ಗಂಗ್ಯಾ! ಬಿಡಲೇ ಅದನ್ನ!"

"ಆರ್ಡರ್ ಐತಿ ದೊಡ್ಡಪ್ಪ," ಎಂದ ಗಂಗಾಧರ್, ನೇರ ಗೋಡೆ ನೋಡುತ್ತ. "ಬಿಟ್ರ ಕೋರ್ಟ್ ಮಾರ್ಷಲ್."

ನಾನು ಬರೆದೆ. ನನ್ನ ಕೈ ಪೇಂಟರನದಲ್ಲ. ಆದರೆ ಶೆಲ್ ಬೀಳುವಾಗ ರಕ್ತನಾಳ ಹುಡುಕಿ ಸೂಜಿ ಚುಚ್ಚಿದ ಕೈ. ನಡುಗಲಿಲ್ಲ. ಅವನ ಗೆರೆಯ ಮೇಲೇ ಹೋದೆ. ಬಸ್ಸಿನ ಕಂಡಕ್ಟರ್ ಒಂದೊಂದು ಅಕ್ಷರ ಮುಗಿದಾಗಲೂ ಕೂಗಿ ಓದಿದ. ಡ್ರೈವರ್ ಹಾರನ್ ಹೊಡೆದ. ಹೊತ್ತಾಯಿತೆಂದು ಒಬ್ಬ ಮುದುಕ ಗೊಣಗಿದ. "ನರ್ಸು ಆದಮ್ಯಾಲೆ ಬಿಡ್ತೀನಿ ಕುಂದ್ರಪ್ಪ," ಎಂದ ಕಂಡಕ್ಟರ್.

ಕೊನೆಯ ಅಕ್ಷರ ಬರೆಯುವಾಗ ಒಂದು ಹನಿ ಬಣ್ಣ ಜಾರಿ ಮೆಟ್ಟಿಲ ಮೇಲೆ ಬಿತ್ತು.

ಇಳಿದೆ. ಏಣಿ ಹೊತ್ತೆವು. ಪಂಚಾಕ್ಷರಪ್ಪನವರ ಮನೆಗೆ ಮುಖ್ಯ ಬೀದಿಯಲ್ಲೇ ನಡೆದೆವು. ಅವರೂ ಹಿಂದೆ ಬಂದರು. ಏಣಿ ಅವರದಲ್ಲವೇ. ಮುಂಬಾಗಿಲಲ್ಲಿ ಅವರ ಹೆಂಡತಿ ಗುರುಬಸಮ್ಮ ನಿಂತಿದ್ದರು.

"ಅಯ್ಯ, ಹಿಂದಿನ ಬಾಗ್ಲಿಗೆ ಅಂದಿದ್ರಲ್ಲವಾ."

"ಅಂವ ಇಸ್ಕೊಂಡಿದ್ದು ಹಿಂದಿನ ಬಾಗ್ಲಾಗ್ರಿ. ವಾಪಸ್ ಕೊಡಾಕಿ ನಾನು."

ಏಣಿಯನ್ನು ಮುಂಬಾಗಿಲ ಪಕ್ಕದ ಗೋಡೆಗೆ ಒರಗಿಸಿದೆ. ಅಲುಗದಂತೆ ನಿಲ್ಲಿಸಿದೆ. ಗುರುಬಸಮ್ಮ ಅದನ್ನು ಮೇಲಿನಿಂದ ಕೆಳಗೆ ನೋಡಿದರು.

"ತೊಳದೀಯೇನವ್ವ?"

"ಇಲ್ರಿ." ಬೆರಳು ಚಾಚಿ ತೋರಿಸಿದೆ. "ಮೂರನೇ ಮೆಟ್ಟಿಲ ಮ್ಯಾಲಿನ ಹನಿ ಅವಂದು. ಹನ್ನೊಂದನೇದರ ಮ್ಯಾಲಿಂದು ನಂದು. ಎಣ್ಣಿ ಬಣ್ಣರಿ. ತೊಳದ್ರ ಹೋಗಂಗಿಲ್ಲ."